ಉಕ್ರೇನ್ ರಾಯಭಾರಿ ಮಾತಿಗೆ ನಮ್ ಕಡೆ ಪೇಪರ್‌ಗಳು ಆವಾಗ ಹೆಂಗೆ ಬರೆದಿದ್ವು, ಯಾರಿಗಾದ್ರೂ ನೆನಪೈತಾ?

ತೋಳಹುಣಸೆ_ಎಂಎ

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆ ಯೂನಿವರ್ಸಿಟಿಲಿ ಜರ್ನಲಿಸಂ ಓದ್ತಿದೀನಿ, ಪ್ರಾಜೆಕ್ಟ್‌ಗೆ 2022ರ ಫೆಬ್ರವರಿ-ಮಾರ್ಚ್ ತಗೊಂಡಿದೀನಿ. ದೆಹಲಿಲಿದ್ದ ಉಕ್ರೇನ್ ರಾಯಭಾರಿ ಇಗೋರ್ ಪೊಲಿಖಾ ಅವರ ಮಾತಿಗೆ ನಮ್ ಜಿಲ್ಲೆ ಪತ್ರಿಕೆಗಳು ಏನು ಪ್ರತಿಕ್ರಿಯೆ ಕೊಟ್ವು ಅಂತ ನೋಡ್ತಿದೀನಿ. ಫೆಬ್ರವರಿ 24, ಉಕ್ರೇನ್ ಮೇಲೆ ರಷ್ಯಾ ದಾಳಿ ಶುರುವಾದ ದಿನಾನೇ ಅವ್ರು ಮಹಾಭಾರತ, ಚಾಣಕ್ಯ ಅಂತೆಲ್ಲ ಹೇಳಿ ಮೋದಿಯವರು ಪುಟಿನ್ ಹತ್ರ ಮಾತಾಡ್ಲಿ ಅಂತ ಕೇಳ್ಕೊಂಡಿದ್ರು, ಭಾರತದ ನಿಲುವಿನ ಬಗ್ಗೆ ತುಂಬಾ ಅಸಮಾಧಾನ ಐತೆ ಅಂತಾನೂ ಅಂದಿದ್ರು. ಆಮೇಲೆ ಮಾರ್ಚ್ 1ಕ್ಕೆ, ಇದು ಮೊಘಲರು ರಜಪೂತರ ಮೇಲೆ ನಡೆಸಿದ ಹತ್ಯಾಕಾಂಡ ಇದ್ದಂಗೆ, ಬಾಂಬ್ ದಾಳಿ, ಶೆಲ್ ದಾಳಿ ನಿಲ್ಸೋಕೆ ಮೋದಿಯವರೂ ಸೇರಿ ಪ್ರಭಾವ ಇರೋ ಎಲ್ಲ ನಾಯಕರು ಕೈಲಾದ್ದೆಲ್ಲ ಮಾಡ್ಲಿ ಅಂದ್ರು. ಅದೇ ದಿನ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿ ಶೆಲ್ ದಾಳಿಗೆ ಸಿಕ್ಕಿ ತೀರ್ಕೊಂಡಿದ್ದ.

ನನಗೆ ಸಿಕ್ಕಿರೋ ಒಂದಷ್ಟು ಕಟಿಂಗ್‌ನಲ್ಲಿ ಎರಡೂ ಸುದ್ದಿ ಒಂದೇ ಪುಟದಲ್ಲಿ ಅಕ್ಕಪಕ್ಕ ಇದಾವೆ, ಆದ್ರೆ ಒಂದಕ್ಕೊಂದು ಸಂಬಂಧಾನೇ ಇಲ್ದಂಗೆ. ಪ್ರತಿಕ್ರಿಯೆ ಬರೆದೋರೆಲ್ಲ ಮೊಘಲ್-ರಜಪೂತ ಹೋಲಿಕೆ ಸರಿನಾ ತಪ್ಪಾ ಅನ್ನೋದನ್ನೇ ಹಿಡ್ಕೊಂಡಿದಾರೆ. ಶೆಲ್ ದಾಳಿ ನಿಲ್ಲಿಸಿ ಅಂದಿದ್ದನ್ನ ಯಾರೂ ಮುಟ್ಟಿಲ್ಲ. ನಾನು ನೋಡಿದ್ದು ಕಮ್ಮಿ ಆಯ್ತಾ, ಇಲ್ಲ ನಿಜಕ್ಕೂ ಹಿಂಗೇ ಇತ್ತಾ?

ದುರ್ಗದ_ಹಳೇ_ಡೆಸ್ಕ್

ಹಿಂಗೇ ಇತ್ತಮ್ಮ. ಚಿತ್ರದುರ್ಗದಲ್ಲಿ ಜಿಲ್ಲಾ ಪತ್ರಿಕೆ ಡೆಸ್ಕಲ್ಲಿ ಬಾಳ ವರ್ಷ ಕೂತೋನು ನಾನು, ಆ ವಾರ ಡ್ಯೂಟಿಲೂ ಇದ್ದೆ, ಅದಕ್ಕೇ ಹೇಳ್ತೀನಿ. ಹೊರದೇಶದ ಸುದ್ದಿ ನಮಗೆ ಏಜೆನ್ಸಿಯಿಂದ ಇಂಗ್ಲಿಷಲ್ಲಿ ಬರ್ತಿತ್ತು, ಒಬ್ಬನೇ ಮನುಷ್ಯ ಅದನ್ನ ಕನ್ನಡ ಮಾಡಿ ಹೆಡ್ಡಿಂಗ್ ಕೊಟ್ಟು ಪುಟಕ್ಕೆ ಕೂರಿಸ್ಬೇಕು, ಆ ಕಡೆ ಪ್ರಿಂಟಿಂಗ್‌ನೋರು ಪುಟ ಕೊಡ್ರಿ ಅಂತ ನಿಂತಿರ್ತಾರೆ, ಅಂಥಾ ಹೊತ್ನಲ್ಲಿ ಮೊಘಲ್ ಅನ್ನೋ ಪದ ಕಣ್ಣಿಗೆ ಬಿದ್ರೆ ಅದೇ ಹೆಡ್ಡಿಂಗ್ ಆಗ್ಬಿಡುತ್ತೆ.

ನೀನು ಕ್ರಿಯಾಪದಗಳನ್ನ ಗಮನಿಸು. ಒಂದೇ ಮಾತಿಗೆ ಒಬ್ರು "ಮನವಿ ಮಾಡಿದರು" ಅಂತ ಹಾಕ್ತಾರೆ, ಇನ್ನೊಬ್ರು "ಮೊರೆ ಇಟ್ಟರು", ಮತ್ತೊಬ್ರು "ಅಂಗಲಾಚಿದರು". ಅಂಗಲಾಚಿದರು ಅಂದ ತಕ್ಷಣ ಓದೋನ ಕಣ್ಣಲ್ಲಿ ಆ ರಾಯಭಾರಿ ಕೈಚಾಚಿ ನಿಂತ್ಬಿಟ್ಟ, ಆಮೇಲೆ ಅವ್ನು ಭಾರತದ ನಿಲುವು ಸಮಾಧಾನ ತಂದಿಲ್ಲ ಅಂದ್ರೆ ಬೇಡೋಕೆ ಬಂದೋನಿಗೆ ಎಷ್ಟು ಸೊಕ್ಕು ಅಂತ ಅನ್ಸುತ್ತೆ. ಸಂಪಾದಕೀಯಕ್ಕಿಂತ ಮುಂಚೆ ಪ್ರತಿಕ್ರಿಯೆ ಅಲ್ಲೇ ಹುಟ್ಟಿರುತ್ತೆ. ತಾರೀಕೂ ನೋಡ್ಕೋ, ಅವ್ರು ಅಸಮಾಧಾನ ಅಂದಿದ್ದು 24ಕ್ಕೆ, ವಿಶ್ವಸಂಸ್ಥೆ ಭದ್ರತಾ ಮಂಡಳಿಲಿ ರಷ್ಯಾ ವಿರುದ್ಧದ ನಿರ್ಣಯಕ್ಕೆ ಭಾರತ ಮತ ಹಾಕದೆ ದೂರ ಉಳಿದಿದ್ದು 25ಕ್ಕೆ. ಮತ ಹಾಕ್ಲಿಲ್ಲ ಅಂತ ಸಿಟ್ಟಾದ್ರು ಅಂತ ಯಾರಾದ್ರೂ ಬರೆದಿದ್ರೆ ಅದು ಹಿಂದುಮುಂದಾಗಿದೆ. ಮಾರ್ಚ್ 2ರ ಮಹಾಸಭೆ ನಿರ್ಣಯ ಬೇರೆ, ಅದರಲ್ಲಿ 141 ಪರ, 5 ವಿರುದ್ಧ, ನಾವೂ ಸೇರಿ 35 ದೇಶ ತಟಸ್ಥ.

ಹೋಲಿಕೆ ವಿಷಯಕ್ಕೆ ಬಂದ್ರೆ, ಅದು ಅವ್ರ ಕಡೆಯೋರೆಲ್ಲ ಹಿಡಿದಿದ್ದ ದಾರಿ. ಯಾವ ಮನೆಗೆ ಹೋದ್ರೆ ಆ ಮನೆ ಕಥೆ ಎತ್ತೋದು. ಅವ್ರ ಅಧ್ಯಕ್ಷ ಝೆಲೆನ್‌ಸ್ಕಿ ಬ್ರಿಟನ್ ಸಂಸತ್ತಿಗೆ ಮಾತಾಡ್ವಾಗ ಶೇಕ್ಸ್‌ಪಿಯರ್, ಅಮೆರಿಕದೋರಿಗೆ ಪರ್ಲ್ ಹಾರ್ಬರ್, ಜರ್ಮನಿಗೆ ಬರ್ಲಿನ್ ಗೋಡೆ, ಎಲ್ಲ ಅದೇ ಮಾರ್ಚ್‌ನಲ್ಲಿ. ಇಸ್ರೇಲಿಗೆ ನಾಜಿಗಳು ಯಹೂದಿಗಳ ಮೇಲೆ ನಡೆಸಿದ ಹತ್ಯಾಕಾಂಡದ ಹೋಲಿಕೆ ಕೊಟ್ಟಾಗ ಅಲ್ಲಿನೋರೇ ಸಿಟ್ಟಾದ್ರು. ಈ ನಾಲ್ಕನ್ನೂ ಪಕ್ಕದಲ್ಲಿಟ್ಟು ನಮ್ಮದನ್ನ ಓದು, ಬೇರೆ ಥರಾನೇ ಕಾಣುತ್ತೆ. ಕೋಟೆ ಊರಿನೋನು ನಾನು, 1779ರಲ್ಲಿ ಹೈದರಾಲಿ ಕೈಗೆ ದುರ್ಗ ಹೋದ ಕಥೆ ಕೇಳ್ಕೊಂಡೇ ಬೆಳ್ದಿದೀವಿ, ಮುತ್ತಿಗೆ ಅಂದ್ರೆ ನೀರು, ಕಾಳು ಮುಗಿಯೋದು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಿಲ್ಲ. ಖಾರ್ಕಿವ್ ಬಗ್ಗೆ ಹಂಗೆ ಬರೀಬಹುದಿತ್ತು ನಾವು, ಬರೀಲಿಲ್ಲ. ನಾನೂ ಬರೀಲಿಲ್ಲ, ಅದು ಇವತ್ತಿಗೂ ನೋವೈತೆ.

ಜಗಳೂರು_ಮೆಕ್ಕೆಜೋಳ

ಸರ್ ಹೇಳಿದ್ದು ಒಪ್ತೀನಿ, ಆದ್ರೆ ಪೂರ್ತಿ ಅಲ್ಲ. ನಮ್ ಊರ ಹೋಟ್ಲಲ್ಲಿ ಆ ದಿನ ಪೇಪರ್ ಓದಿದೋರೆಲ್ಲ ಮೊಘಲ್ ಮಾತೇ ಆಡಿದ್ದು, ಅದೂ ಜನರ ಪ್ರತಿಕ್ರಿಯೆನೇ ಅಲ್ವಾ, ಪೇಪರ್‌ನೋರು ಅದನ್ನ ಬಿಟ್ಟು ಬರೀಬೇಕಿತ್ತು ಅನ್ನೋದು ಹೆಂಗೆ. ನನಗೆ ಕೊರತೆ ಕಂಡಿದ್ದು ಬೇರೆ ಕಡೆ. ಉಕ್ರೇನ್ ಅಂದ್ರೆ ಮೆಕ್ಕೆಜೋಳ, ಸೂರ್ಯಕಾಂತಿ ಎಣ್ಣೆ ಕಳಿಸೋ ದೇಶ, ನಮ್ ಜಿಲ್ಲೆ ನೋಡಿದ್ರೆ ಮೆಕ್ಕೆಜೋಳದ ಮೇಲೇ ನಿಂತೈತೆ, ಆ ವರ್ಷ ಬೆಂಬಲ ಬೆಲೆ ಕ್ವಿಂಟಾಲ್‌ಗೆ 1,870 ರೂಪಾಯಿ ಇತ್ತು, ಮಾರ್ಕೆಟ್‌ನಲ್ಲಿ ಅದಕ್ಕಿಂತ ಮೇಲೇ ಮಾರಿದ್ವಿ, ಮನೇಲಿ ನೋಡಿದ್ರೆ ಅಡುಗೆ ಎಣ್ಣೆ ರೇಟು ಕೇಳಂಗಿರ್ಲಿಲ್ಲ. ಧಾರಣೆ ಒಳಪುಟದಲ್ಲಿ, ರಾಯಭಾರಿ ಮುಖಪುಟದಲ್ಲಿ. ಎರಡನ್ನೂ ಸೇರಿಸಿ ಯಾರಾದ್ರೂ ಬರೆದಿದ್ರೆ ರೈತ ಕೂತು ಓದ್ತಿದ್ದ. ಆಗಸ್ಟಲ್ಲಿ ಅವ್ರ ವಿದೇಶಾಂಗ ಸಚಿವ ಕುಲೆಬಾ, ಭಾರತಕ್ಕೆ ಹೋಗೋ ರಷ್ಯಾದ ಪ್ರತಿ ಬ್ಯಾರಲ್ ಎಣ್ಣೇಲೂ ಉಕ್ರೇನಿನೋರ ರಕ್ತ ಐತೆ ಅಂದ್ರಲ್ಲ, ಅವಾಗ್ಲೂ ಬರೀ ಬೈದಿದ್ದೇ ಆಯ್ತು, ಟ್ರ್ಯಾಕ್ಟರ್‌ಗೆ ಡೀಸೆಲ್ ಹಾಕ್ಸೋನಿಗೆ ಅದರಿಂದ ಏನು ಅಂತ ಒಂದು ಸಾಲಿಲ್ಲ.

ಹರಿಹರದ_ತಾಯಿ

ನಾನು ಇಂಥದ್ರಲ್ಲೆಲ್ಲ ಬರೆಯೋಳಲ್ಲ, ಮಗ ತೋರ್ಸಿದ ಅದಕ್ಕೆ ಬರೀತಿದೀನಿ. ಅವನೂ ಖಾರ್ಕಿವ್‌ನಲ್ಲೇ ಓದ್ತಿದ್ದ. ಮಾರ್ಚ್ 2ಕ್ಕೆ ನಮ್ ದೇಶದ ರಾಯಭಾರ ಕಚೇರಿಯೋರು, ಭಾರತದೋರೆಲ್ಲ ಈಗಿಂದೀಗ್ಲೇ ಖಾರ್ಕಿವ್ ಬಿಡ್ರಿ, ಬಸ್ಸು ರೈಲು ಸಿಗದಿದ್ರೆ ನಡ್ಕೊಂಡಾದ್ರೂ ಹೋಗ್ರಿ ಅಂತ ಹೇಳಿದ್ರು. ಹೋಗ್ಬೇಕಿದ್ದ ಊರು ಮೂರು, ಪಿಸೋಚಿನ್ 11 ಕಿಲೋಮೀಟರ್, ಬಬಾಯೆ 12, ಬೆಜ್ಲ್ಯುದೊವ್ಕಾ 16. ಅಲ್ಲಿ ಸಂಜೆ 6 ಗಂಟೆ ಒಳಗೆ, ಅಂದ್ರೆ ನಮಗೆ ರಾತ್ರಿ ಒಂಬತ್ತೂವರೆ. ಆ ಮೂರು ಹೆಸರು ನಾನು ಕ್ಯಾಲೆಂಡರ್ ಹಿಂದೆ ಬರ್ಕೊಂಡಿದ್ದೆ. ಮಗ ಪಿಸೋಚಿನ್ ಕಡೆ ನಡೀತಿದೀನಿ ಅಂದೋನು ಆಮೇಲೆ ಫೋನಿಗೆ ಸಿಗ್ಲಿಲ್ಲ, ರಾತ್ರಿ ಎಲ್ಲ ದೇವ್ರ ಮುಂದೆ ಕೂತಿದ್ವಿ.

ಬೆಳಿಗ್ಗೆ ಪೇಪರ್ ಬಂತು. ಮುಖಪುಟದ ಅರ್ಧ ಆ ಹೋಲಿಕೆ ಬಗ್ಗೆ ಯಾರ್ಯಾರು ಏನಂದ್ರು ಅಂತ, ಈ ಊರುಗಳ ಹೆಸರು ಒಳಗೆ ಎಲ್ಲೋ ನಾಲ್ಕು ಸಾಲಿತ್ತು, ಅದ್ರಲ್ಲೂ ಎರಡೇ ಹೆಸರು. ಪೇಪರ್‌ನೋರ ಮೇಲೆ ನನಗೆ ಸಿಟ್ಟಿಲ್ಲ, ನಮ್ಮನೆಗೆ ಬಂದು ಮಾತಾಡ್ಸಿದ ಹುಡುಗ ನನ್ ಜೊತೆ ತಾನೂ ಅತ್ತ. ಆದ್ರೆ ರಾಯಭಾರಿಗಳ ಮಾತು ಅಂದ್ರೆ ನನಗೆ ಈಗ್ಲೂ ಆ ಮೂರು ಹೆಸರೇ. ನನ್ ಮಗ ವಾಪಸ್ ಬಂದ. ಹಾವೇರಿ ಹುಡುಗನ ದೇಹ ಮಾರ್ಚ್ 21ಕ್ಕೆ ಬೆಂಗಳೂರಿಗೆ ಬಂತು, ಊರಲ್ಲಿ ಪೂಜೆ ಮುಗಿಸಿ ಅವ್ರ ತಂದೆ ತಾಯಿ ದಾವಣಗೆರೆ ಮೆಡಿಕಲ್ ಕಾಲೇಜಿಗೆ ಕೊಟ್ರು, ಮಕ್ಕಳು ಓದ್ಲಿ ಅಂತ. ಆ ಸುದ್ದಿ ಎಲ್ರೂ ಚೆನ್ನಾಗಿ ಬರೆದಿದ್ರು, ಅದನ್ನೂ ನಿನ್ ಪ್ರಾಜೆಕ್ಟಲ್ಲಿ ಹಾಕಮ್ಮ.

ತೋಳಹುಣಸೆ_ಎಂಎ

ಅಮ್ಮ, ಏನು ಬರೀಬೇಕೋ ಗೊತ್ತಾಗ್ತಿಲ್ಲ. ನಾನು ಮಾರ್ಚ್ 2ರ ಪೇಪರ್‌ಗೇ ನಿಲ್ಸಿಬಿಟ್ಟಿದ್ದೆ, 3ನೇ ತಾರೀಕಿಂದು ನೋಡೇ ಇಲ್ಲ. ನಿಮ್ಮತ್ರ ಐತಾ?

ಹರಿಹರದ_ತಾಯಿ

ಐತೆ, ಬೀರುನಲ್ಲಿ ಅವನ ಪಾಸ್‌ಪೋರ್ಟ್ ಜೊತೆ ಇಟ್ಟಿದೀನಿ. ಕ್ಯಾಲೆಂಡರ್ ಹಾಳೆನೂ ಐತೆ. ಭಾನುವಾರ ಬಾ, ಮಧ್ಯಾಹ್ನ ಊಟಕ್ಕೆ ಇಲ್ಲೇ ಇರು.