ಮುಂಬೈಗೆ ಬರ್ಗೆಸ್ ವೃತ್ತ ಹೊಂದುತ್ತದೆಯೇ? ಪ್ರಾಜೆಕ್ಟಿಗೆ ಸಹಾಯ ಬೇಕು

ಡೊಂಬಿವಲಿ ಸ್ಲೋ:
ಎಂ.ಎ. ಭೂಗೋಳದ ಪ್ರಾಜೆಕ್ಟ್, ವಿಷಯ ಮುಂಬೈ ಬೆಳೆದ ಬಗೆ. ಬರ್ಗೆಸ್ (1925: ಊರು ಒಂದು ಕೇಂದ್ರದ ಸುತ್ತ ಉಂಗುರಗಳಾಗಿ ಬೆಳೆಯುತ್ತದೆ), ಹಾಯ್ಟ್ (1939: ಕೇಂದ್ರದಿಂದ ಸಾರಿಗೆಯ ದಾರಿ ಹಿಡಿದು ಹೋಳುಗಳಾಗಿ ಹೊರಚಾಚುತ್ತದೆ), ಹ್ಯಾರಿಸ್–ಉಲ್ಮನ್ (1945: ಹಲವು ಕೇಂದ್ರಗಳ ಸುತ್ತ ಬೆಳೆಯುತ್ತದೆ), ಈ ಮೂರರಲ್ಲಿ ಯಾವ ಮಾದರಿ ಹಿಡಿಯಬೇಕು? ಊರಿನ ಹಳೇ ಕೇಂದ್ರವಾದ ಫೋರ್ಟ್‌ನಲ್ಲಿ ಕೈವಾರದ ಮುಳ್ಳು ಊರಿ ವೃತ್ತ ಎಳೆದರೆ ಮುಕ್ಕಾಲು ಪಾಲು ಸಮುದ್ರಕ್ಕೇ ಹೋಗುತ್ತದೆ. ಇನ್ನೊಂದು ಗೊಂದಲ: 2011ರ ಜನಗಣತಿಯಲ್ಲಿ ಮುಂಬೈ ನಗರ ಜಿಲ್ಲೆಯ ಜನಸಾಂದ್ರತೆ ಚದರ ಕಿಮೀಗೆ 19,652, ಉಪನಗರ ಜಿಲ್ಲೆಯದು 20,980. ಹಾಗಾದರೆ ಕಿಕ್ಕಿರಿದ ಹಳೇ ಭೂಲೇಶ್ವರ, ಗಿರಗಾಂವ್ ಇರುವ ಜಿಲ್ಲೆಗಿಂತ ಬೊರಿವಲಿ ಇರುವ ಜಿಲ್ಲೆ ದಟ್ಟವೇ?

ಮಾಟುಂಗಾ ಪೂರ್ವ:
ಸಮುದ್ರ ಇದೆ ಅಂತ ಬರ್ಗೆಸ್‌ನನ್ನು ಬಿಡಬೇಡಿ. ಅವನ ಶಿಕಾಗೋದ ವೃತ್ತದಲ್ಲೂ ಅರ್ಧ ಮಿಶಿಗನ್ ಸರೋವರದ ಪಾಲೇ. ಇಲ್ಲಿ ಕೆಡುವುದು ವೃತ್ತವಲ್ಲ, ಅದರೊಳಗಿನ ಯಂತ್ರ. ಅವನ ಲೆಕ್ಕದಲ್ಲಿ ಹೊಸದಾಗಿ ಬಂದ ಬಡವರು ಕೇಂದ್ರದ ಪಕ್ಕದ ಹಳೆ ಮನೆಗಳಿಗೆ ಸೇರುತ್ತಾರೆ, ಕೈಯಲ್ಲಿ ಕಾಸು ಓಡಾಡಿದ ಮೇಲೆ ಹೊರವಲಯಕ್ಕೆ ಸರಿಯುತ್ತಾರೆ, ಆ ಜಾಗಕ್ಕೆ ಮತ್ತೊಬ್ಬರು ಬರುತ್ತಾರೆ. ಮುಂಬೈಯಲ್ಲಿ ಸಿರಿವಂತರು ಕೇಂದ್ರಕ್ಕೆ ಹತ್ತಿರದ ಮಲಬಾರ್ ಹಿಲ್ ಬಿಟ್ಟು ಕದಲಲಿಲ್ಲ, ಕಡಿಮೆ ಸಂಬಳದವರು ದೂರದ ನಾಲಾಸೋಪಾರಾ, ದಿವಾ ಕಡೆ ಹೋದರು. ನಡುವಿನ ಚಾಳುಗಳನ್ನು (ಒಂದೊಂದೇ ಕೋಣೆಯ ಬಾಡಿಗೆ ಮನೆಗಳ ಸಾಲು) 1947ರ ಬಾಡಿಗೆ ಕಾಯ್ದೆ ಹಿಡಿದು ನಿಲ್ಲಿಸಿತು: ಹಳೇ ಬಾಡಿಗೆ ಬಿಟ್ಟು ಬಾಡಿಗೆದಾರ ಏಳುವುದಿಲ್ಲ, ಆ ಬಾಡಿಗೆಯಲ್ಲಿ ಮಾಲೀಕ ರಿಪೇರಿ ಮಾಡಿಸುವುದಿಲ್ಲ. ಬರ್ಗೆಸ್ 'ಸಂಕ್ರಮಣ ವಲಯ' ಎಂದದ್ದು ಇಲ್ಲಿ ಸಂಕ್ರಮಿಸಲೇ ಇಲ್ಲ.

1970ರ ತನಕದ ಊರಿಗೆ ಹಾಯ್ಟ್ ಚೆನ್ನಾಗಿ ಕೂರುತ್ತಾನೆ. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ ರೈಲು ಓಡಿತು, ಮರುವರ್ಷ ತಾಡದೇವದಲ್ಲಿ ಮೊದಲ ಹತ್ತಿ ಗಿರಣಿಯ ಕಂಪನಿ ಹುಟ್ಟಿತು. ಪೂರ್ವದ ಹಡಗುಕಟ್ಟೆಗಳಿಂದ ಲಾಲ್‌ಬಾಗ್–ಪರೇಲ್, ಕುರ್ಲಾ, ವಿಕ್ರೋಳಿ, ಭಾಂಡೂಪ್ ಹಿಡಿದು ಠಾಣೆವರೆಗೆ ಕೈಗಾರಿಕೆಯ ಒಂದು ಹೋಳು. ಪಡುವಣ ಕರಾವಳಿಯಲ್ಲಿ ಮಲಬಾರ್ ಹಿಲ್, ಬಾಂದ್ರಾ, ಜುಹೂ ಅಂತ ಹಣವಂತರ ಹೋಳು. ಕಲ್ಲಂಗಡಿ ಸೀಳಿದ ಹಾಗೆ.

ಆಮೇಲಿನದಕ್ಕೆ ಹ್ಯಾರಿಸ್–ಉಲ್ಮನ್. ಬಿಕೆಸಿ (ಬಾಂದ್ರಾ–ಕುರ್ಲಾ ಕಚೇರಿ ಸಂಕೀರ್ಣ), ಅಂಧೇರಿಯ ಸೀಪ್ಝ್ (ರಫ್ತು ಕೈಗಾರಿಕಾ ವಲಯ), ಠಾಣೆ ಖಾಡಿಯ ಆಚೆ ಸರ್ಕಾರದ ನಗರ ನಿರ್ಮಾಣ ಸಂಸ್ಥೆ ಸಿಡ್ಕೋ (1970) ಕಟ್ಟಿದ ನವಿ ಮುಂಬೈ. ಆದರೆ ನಕ್ಷೆ ಬರೆದ ದಿನವೇ ಕೇಂದ್ರ ಹುಟ್ಟುವುದಿಲ್ಲ ಅನ್ನುವುದನ್ನೂ ಬರೆಯಿರಿ. ನವಿ ಮುಂಬೈಯ ವಾಶಿಗೆ ಮಾನ್‌ಖುರ್ದ್‌ನಿಂದ ಲೋಕಲ್ ಬಂದದ್ದು 1992ರಲ್ಲಿ. ಅಲ್ಲಿಯವರೆಗೆ ಸೇತುವೆಯ ಮೇಲಿನ ಬಸ್ಸೇ ಗತಿ.

ಛೇದ ನೋಡಿ:
ಸಾಂದ್ರತೆಯ ಗೊಂದಲಕ್ಕೆ ಕಾರಣ ವಿಸ್ತೀರ್ಣ. ಜನಗಣತಿ ನಗರ ಜಿಲ್ಲೆಗೆ 157 ಚದರ ಕಿಮೀ ಹಿಡಿಯುತ್ತದೆ: 30,85,411 ÷ 157 = 19,652. ಮಹಾನಗರಪಾಲಿಕೆಯ ಲೆಕ್ಕದಲ್ಲಿ ದ್ವೀಪನಗರ ಸುಮಾರು 68 ಚದರ ಕಿಮೀ. ಅದೇ ಜನರನ್ನು ಅದರಿಂದ ಭಾಗಿಸಿದರೆ 45 ಸಾವಿರ ದಾಟುತ್ತದೆ. ಉಪನಗರದ 446 ಚದರ ಕಿಮೀಯೊಳಗೆ ರಾಷ್ಟ್ರೀಯ ಉದ್ಯಾನದ ಕಾಡೂ ಸೇರಿದೆ, ಅಲ್ಲಿಯೂ ಜನ ವಾಸಿಸುವ ನೆಲದ ಸಾಂದ್ರತೆ ಕಾಗದದಲ್ಲಿ ಇರುವುದಕ್ಕಿಂತ ಹೆಚ್ಚು. ಒಂದು ಕೋಷ್ಟಕದಲ್ಲಿ ಎರಡು ಮೂಲದ ವಿಸ್ತೀರ್ಣ ಬೆರೆಸಿದರೆ ವೈವಾದಲ್ಲಿ (ಮೌಖಿಕ ಪರೀಕ್ಷೆ) ಮೊದಲ ಪ್ರಶ್ನೆಯೇ ಅದು.

ಸಾಂದ್ರತೆಗಿಂತ ಬೆಳವಣಿಗೆ ದರ ತೆಗೆದುಕೊಳ್ಳಿ, ಅದರಲ್ಲಿ ವಿಸ್ತೀರ್ಣದ ತಂಟೆಯೇ ಇಲ್ಲ. 2001ರಿಂದ 2011ಕ್ಕೆ ನಗರ ಜಿಲ್ಲೆ 33,38,031ರಿಂದ 30,85,411ಕ್ಕೆ ಇಳಿದಿದೆ (−7.6%). ಉಪನಗರ 86,40,419ರಿಂದ 93,56,962ಕ್ಕೆ ಏರಿದೆ (+8.3%). ಠಾಣೆ ಜಿಲ್ಲೆ 81,31,849ರಿಂದ 1,10,60,148ಕ್ಕೆ (+36%). ನಡು ಬರಿದು, ಅಂಚು ದಪ್ಪ, ಥೇಟ್ ಉದ್ದಿನ ವಡೆ. ಎಚ್ಚರಿಕೆ ಎರಡು: ಆಗಿನ ಠಾಣೆ ಅಂದರೆ ಈಗಿನ ಪಾಲ್ಘರ್ ಸೇರಿ, ಅದು ಬೇರೆಯಾದದ್ದು 2014ರಲ್ಲಿ. ಇನ್ನು 1941 ಮತ್ತು 1961ನ್ನು ಹಾಗೇ ಹೋಲಿಸಬೇಡಿ. 1950 ಮತ್ತು 1957ರಲ್ಲಿ ನಗರದ ಗಡಿಯೇ ಹಿಗ್ಗಿತು, ಈಗಿನ ಗಡಿಗೆ ಹೊಂದಿಸಿದ ಅಂಕಿಯನ್ನೇ ಬಳಸಿ.

ಡೊಂಬಿವಲಿ ಸ್ಲೋ:
ಧನ್ಯವಾದ ಸರ್. ಪರೇಲ್, ವರ್ಲಿಯಲ್ಲಿ ಅಷ್ಟೆತ್ತರದ ಟವರ್ ಎದ್ದಿವೆ. ಜನ ಮಾತ್ರ ಹೇಗೆ ಕಡಿಮೆಯಾದರು?

ಛೇದ ನೋಡಿ:
ಅಂತಸ್ತು ಎಣಿಸಬೇಡಿ, ತಲೆಗೆ ಎಷ್ಟು ಅಡಿ ಅಂತ ಎಣಿಸಿ. ಚಾಳಿನ 10×12 ಅಡಿಯ ಖೋಲಿಯಲ್ಲಿ ಆರು ಜನ ಅಂದುಕೊಳ್ಳಿ, ಒಬ್ಬರಿಗೆ 20 ಚದರ ಅಡಿ. 800 ಚದರ ಅಡಿಯ ಫ್ಲ್ಯಾಟಿನಲ್ಲಿ ನಾಲ್ವರು, ಒಬ್ಬರಿಗೆ 200. ಅಷ್ಟೇ ಜನ ಅಷ್ಟೇ ಜಾಗದಲ್ಲಿ ಉಳಿಯಬೇಕಾದರೆ ಮನೆಯ ಕ್ಷೇತ್ರ ಹತ್ತುಪಟ್ಟಾಗಬೇಕು. 1991ರ ನಿಯಮದಲ್ಲಿ ದ್ವೀಪನಗರದ ಮೂಲ ಎಫ್‌ಎಸ್‌ಐ 1.33, ಅಂದರೆ 1,000 ಚದರ ಮೀಟರ್ ನಿವೇಶನದಲ್ಲಿ 1,330 ಚದರ ಮೀಟರ್ ಕಟ್ಟಬಹುದು. ಪುನರಾಭಿವೃದ್ಧಿಗೆ ಅದಕ್ಕಿಂತ ಹೆಚ್ಚು ಸಿಗುತ್ತದೆ, ಹತ್ತುಪಟ್ಟು ಸಿಗುವುದಿಲ್ಲ. ಸಾಲದ್ದಕ್ಕೆ ಕೆಳಗಿನ ಎಷ್ಟೋ ಮಹಡಿಗಳಲ್ಲಿ ಇರುವುದು ಕಾರುಗಳು.

ಗಾರ್ಡ್ ಡಬ್ಬ:
ಅಂಕಿಯಾಯಿತು, ಇನ್ನು ನಡಿಗೆ. ಸಿಎಸ್‌ಎಂಟಿಯಿಂದ (ಫೋರ್ಟ್ ಬಳಿಯ ಮುಖ್ಯ ರೈಲು ನಿಲ್ದಾಣ) ಠಾಣೆ 34 ಕಿಮೀ. ನಡುವೆ ಏಳು ಸ್ಟೇಷನ್ ಆರಿಸಿ, ಪ್ರತಿಯೊಂದರ ಪೂರ್ವಕ್ಕೂ ಪಶ್ಚಿಮಕ್ಕೂ 1 ಕಿಮೀ ನೇರ ನಡೆಯಿರಿ, 100 ಮೀಟರಿಗೊಮ್ಮೆ ನಿಂತು ನೆಲಮಹಡಿಯಲ್ಲಿ ಏನಿದೆ, ಮೇಲೆ ಏನಿದೆ, ವಾಸದ ಮಹಡಿ ಎಷ್ಟು ಅಂತ ಗುರುತು ಹಾಕಿ. 7×2×10 = 140 ಬಿಂದು. 500 ಮೀಟರಿಗೇ ನಿಲ್ಲಿಸಿದರೆ ಎಲ್ಲ ಸ್ಟೇಷನ್ನೂ ಒಂದೇ ಥರ ಕಾಣುತ್ತದೆ: ತರಕಾರಿ, ಮೊಬೈಲ್ ಕವರ್, ವಡಾಪಾವ್. ಸ್ಟೇಷನ್ ಸಿಎಸ್‌ಎಂಟಿಯಿಂದ ಎಷ್ಟು ದೂರ ಅನ್ನುವುದಕ್ಕೆ ಫೋನಿನ ಜಿಪಿಎಸ್ ಬೇಡ, ಹಳಿಯ ಪಕ್ಕದ ವಿದ್ಯುತ್ ಕಂಬ ನೋಡಿ. ಮೇಲೆ ಕಿಮೀ, ಕೆಳಗೆ ಆ ಕಿಮೀಯೊಳಗಿನ ಕಂಬದ ಸಂಖ್ಯೆ ಬರೆದಿರುತ್ತದೆ.

ಮಾಟುಂಗಾ ಪೂರ್ವ:
ಒಂದು ತಕರಾರು. ಒಂದೇ ಹಳಿಯ ಸ್ಟೇಷನ್ನುಗಳ ಅಕ್ಕಪಕ್ಕವೇ ಅಳೆದರೆ ಹಾಯ್ಟ್ ಗೆಲ್ಲದೆ ಇನ್ನೇನು? ಒಂದು ಹಳಿಯಿಂದ ಇನ್ನೊಂದಕ್ಕೆ ಅಡ್ಡಲಾಗಿ ಹೋಗುವ ಒಂದು ಸಾಲಾದರೂ ಬೇಕು. ಅಂಧೇರಿ ಸ್ಟೇಷನ್ನಿನಿಂದ ಸಾಕಿನಾಕಾ ಮೇಲೆ ಕುರ್ಲಾಕ್ಕೆ ಹೋಗುವ ರಸ್ತೆ ಹಿಡಿಯಿರಿ. ಅಲ್ಲಿ ಎರಡೂ ಸ್ಟೇಷನ್ನಿನಿಂದ ದೂರ ಹೋದಷ್ಟೂ ಕಚೇರಿ ಕಡಿಮೆಯಾಗದೆ ನಡುವೆ ಹೆಚ್ಚಾದರೆ, ಅದು ಹ್ಯಾರಿಸ್–ಉಲ್ಮನ್ ಕಡೆಯ ಸಾಕ್ಷಿ.

ಡೊಂಬಿವಲಿ ಸ್ಲೋ:
ಒಳ್ಳೇದು, ಅದನ್ನೂ ಸೇರಿಸುತ್ತೇನೆ. ಭಾನುವಾರ ನಡೆದರೆ ಆದೀತೇ?

ಗಾರ್ಡ್ ಡಬ್ಬ:
ಬೇಡ. ಗಾಲಾ (ಸಣ್ಣ ಕಾರ್ಖಾನೆಯ ಮಳಿಗೆ), ಆಫೀಸಿನ ಶಟರ್ ಎಳೆದಿರುತ್ತವೆ, ನೀವು 'ಖಾಲಿ' ಅಂತ ಬರೆದುಕೊಳ್ಳುತ್ತೀರಿ. ವಾರದ ದಿನ, 11ರಿಂದ 4.