ವಾಷಿಂಗ್ ಮೆಷಿನ್ ನೀರು ಡ್ರಮ್ಮಲ್ಲಿ ನಾರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು 30×40 ಸೈಟಿನ ಮನೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಕಾದು ಸಾಕಾಗಿತ್ತು. ಆಮೇಲೆ ಟೆರೇಸಿನ ಮಳೆನೀರನ್ನು ಸಂಪಿಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಗೆ ಬಿಟ್ಟೆವು. ವಾಷಿಂಗ್ ಮೆಷಿನ್ ನೀರನ್ನು ಡ್ರಮ್ಮಲ್ಲಿ ಹಿಡಿದು ಬಾಳೆಗೆ, ಪಾಲಕ್, ಕೊತ್ತಂಬರಿಗೆ ಹಾಕುತ್ತಿದ್ದೇವೆ. ಮೂರನೇ ದಿನಕ್ಕೇ ಗಬ್ಬು ವಾಸನೆ. ಬ್ಲೀಚಿಂಗ್ ಪೌಡರ್ ಹಾಕಬಹುದಾ?

ಉತ್ತರ: ಮೇಡಂ, ಸೊಪ್ಪಿಗೆ ಆ ನೀರು ಹಾಕುವುದನ್ನು ಇವತ್ತೇ ನಿಲ್ಲಿಸಿ. ಬಟ್ಟೆಯ ಕೊಳೆಯಲ್ಲಿ ರೋಗಾಣು ಇರುತ್ತವೆ, ಸೊಪ್ಪು ನೆಲಕ್ಕೆ ತಾಗಿಕೊಂಡೇ ಬೆಳೆಯುತ್ತೆ. ಬಾಳೆಗೆ ಹಾಕಿ, ಆದರೆ ಬುಡಕ್ಕೆ ಮಾತ್ರ. ಬ್ಲೀಚಿಂಗ್ ಬೇಡ, ಬೇರಿಗೆ ಒಳ್ಳೆಯದಲ್ಲ.

ಮಳೆನೀರನ್ನು ಕೂಡಿಡಬಹುದು, ಬಳಸಿದ ನೀರನ್ನು ಕೂಡಿಡಬಾರದು. ಡ್ರಮ್ಮಿನ ಮುಚ್ಚಳ ತೆಗೆದು ನೋಡಿ. ಮೇಲೆ ಬೂದು ಬಣ್ಣದ ಪೊರೆ ಕಟ್ಟಿರುತ್ತೆ, ಕೋಲು ಅದ್ದಿದರೆ ಲೋಳೆ ಎಳೆಎಳೆಯಾಗಿ ಬರುತ್ತೆ. ಆ ನೀರು ಗಿಡಕ್ಕೂ ಬೇಡ, ಯುಜಿಡಿಗೆ (ಒಳಚರಂಡಿಗೆ) ಬಿಡಿ. ಇನ್ನು ಮೇಲೆ ಹಿಡಿದ ನೀರು 24 ಗಂಟೆಯೊಳಗೆ ಖಾಲಿಯಾಗಲಿ. ಮಗುವಿನ ಕಕ್ಕದ ಬಟ್ಟೆ, ಕಾಯಿಲೆಯವರ ಬಟ್ಟೆ ಒಗೆದ ದಿನ ಹಿಡಿಯಲೇಬೇಡಿ. ಅಡುಗೆಮನೆ ಸಿಂಕಿನ ನೀರೂ ಬೇಡ, ಜಿಡ್ಡು ಜಾಸ್ತಿ.

ಪ್ರಶ್ನೆ: ಡ್ರಮ್ ತುಂಬಿ ಚೆಲ್ಲುತ್ತೆ ಅಂತ ಪ್ಲಂಬರ್ ಸಂಪಿಗೆ ಒಂದು ಪೈಪ್ ಕೊಟ್ಟಿದ್ದಾರೆ. ಅದು ಸರಿನಾ?

ಉತ್ತರ: ಅಯ್ಯೋ, ಬೇಡವೇ ಬೇಡ! ಆ ಸಂಪಿನ ನೀರನ್ನೇ ತಾನೇ ನೀವು ಅಡುಗೆಗೆ ಬಳಸುವುದು? ಪೈಪ್ ಕಿತ್ತುಹಾಕಿಸಿ, ತುಂಬಿ ಹೆಚ್ಚಾದದ್ದು ಯುಜಿಡಿಗೇ ಹೋಗಲಿ. ಸಂಪು ಪೂರ್ತಿ ಖಾಲಿ ಮಾಡಿಸಿ, ಉಜ್ಜಿ ತೊಳೆದು, ಕ್ಲೋರಿನ್ ಹಾಕಿಸಿ. ಒಳಗೆ ಇಳಿಯುವವರು ಒಬ್ಬರೇ ಇಳಿಯಬಾರದು. ಮುಚ್ಚಳ ತೆಗೆದು ಗಾಳಿಯಾಡಿದ ಮೇಲೆ ಇಳಿಯಲಿ, ಮೇಲೊಬ್ಬರು ನಿಂತಿರಲಿ. ಅಲ್ಲಿತನಕ ಕುಡಿಯಲು, ಅಡುಗೆಗೆ ಬೇರೆ ನೀರು ತನ್ನಿ.

ಮಳೆನೀರಿನ ವಿಷಯಕ್ಕೆ ಬಂದರೆ, ಬೆಂಗಳೂರಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಬೀಳುತ್ತೆ. 100 ಚದರ ಮೀಟರ್ ಟೆರೇಸಿಗೆ ಒಂದು ಮಿಲಿಮೀಟರ್ ಅಂದರೆ 100 ಲೀಟರ್. ಒಂದು ಒಳ್ಳೆ ಮಳೆಗೇ ಎಷ್ಟಾಯಿತು ನೋಡಿ! ಆದರೆ ಬಹಳ ದಿನ ಬಿಟ್ಟು ಬಂದ ಮಳೆಯ ಮೊದಲ 100-200 ಲೀಟರ್ ಹೊರಗೆ ಬಿಡಬೇಕು. ಪಾರಿವಾಳದ ಹಿಕ್ಕೆ, ಧೂಳು ಎಲ್ಲ ಅದರಲ್ಲೇ ಬರುತ್ತೆ. ಉಳಿದದ್ದು ಫಿಲ್ಟರ್ ದಾಟಿಯೇ ಸಂಪಿಗೆ ಇಳಿಯಲಿ. ಕುಡಿಯುವುದಾದರೆ ಕುದಿಸಿ. ಜಯನಗರ 5ನೇ ಬ್ಲಾಕಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲಿನ ಪಾರ್ಕ್ ಇದೆ, ಫಿಲ್ಟರ್ ಮಾದರಿಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಪೈಪ್ ಕಿತ್ತ ಮೇಲೆ ಸಂಪಿನ ಆ ತೂತಿಗೆ ಎಂಡ್ ಕ್ಯಾಪ್ ಹಾಕಿಸಿ, ಇಲ್ಲೇ ಒಂದು ಫೋಟೋ ಕಳಿಸಿ. ನಾನು ನೋಡಿ ಹೇಳುತ್ತೇನೆ.