ಸಹಾಯ ಬೇಕು: ಗೆಕ್ಕೊ ಗೂಡಿನ ಮಣ್ಣು ಹುಳಿ ವಾಸನೆ ಬರುತ್ತಿದೆ

ನಮಸ್ಕಾರ, ನಾನು ಚಿಕ್ಕಮಗಳೂರಿನವನು. ಮನೆಯಲ್ಲಿ ಒಂದು ಕ್ರೆಸ್ಟೆಡ್ ಗೆಕ್ಕೊ ಇದೆ. ನ್ಯೂ ಕ್ಯಾಲೆಡೋನಿಯಾ ಮೂಲದ ಹಲ್ಲಿ. 22ರಿಂದ 26 ಡಿಗ್ರಿ ಇದ್ದರೆ ಸಾಕು, ನಮ್ಮೂರ ಹವೆ ಹೇಳಿ ಮಾಡಿಸಿದ ಹಾಗಿದೆ ಅಂದುಕೊಂಡಿದ್ದೆ. ಮಳೆಗಾಲ ಬಂತು ನೋಡಿ!

ಮೂರು ತಿಂಗಳ ಹಿಂದೆ ಗಾಜಿನ ಪೆಟ್ಟಿಗೆಯಲ್ಲಿ ತನ್ನಷ್ಟಕ್ಕೆ ಶುಚಿಯಾಗುವ ಗೂಡು ಮಾಡಿದೆ. ತಳಕ್ಕೆ ಎರಡು ಇಂಚು ಜಲ್ಲಿ, ಅದರ ಮೇಲೆ ಸೊಳ್ಳೆ ಬಲೆ, ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು, ಒಣಗಿದ ಎಲೆ, ಒಂದು ಮನಿ ಪ್ಲಾಂಟ್. ಹಿಕ್ಕೆ ತಿನ್ನಲು ಐಸೊಪಾಡ್, ಬೂಷ್ಟು ತಿನ್ನಲು ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿಗಳನ್ನು ಬಿಟ್ಟೆ.

ಈಗ ತೇವಾಂಶ ಹಗಲಲ್ಲೂ ಶೇ. 90ರಿಂದ ಇಳಿಯುತ್ತಿಲ್ಲ. ರಾತ್ರಿ 80 ಇದ್ದು, ಹಗಲು 60ರ ಹತ್ತಿರ ಒಣಗಬೇಕು ಅಲ್ವಾ? ನೀರು ಚಿಮುಕಿಸುವುದನ್ನು ನಿಲ್ಲಿಸಿದೆ. ಮುಚ್ಚಳದ ಅರ್ಧ ಗಾಜು ತೆಗೆದು ಜಾಲರಿ ಹಾಕಿದೆ. ಬೂಷ್ಟು ಕಮ್ಮಿಯಾಯಿತು, ವಾಸನೆ ಹೋಗಲಿಲ್ಲ. ಜಲ್ಲಿಯ ನೀರು ಮಣ್ಣಿನ ಮಟ್ಟಕ್ಕೇ ಬಂದಿದೆ. ಐಸೊಪಾಡ್‌ಗಳೆಲ್ಲ ಮರದ ತುಂಡು ಹತ್ತಿ ಕೂತಿವೆ, ಪಾಪ. ಅಮ್ಮ ಮಾತ್ರ "ಎಲ್ಲ ಸುರಿದುಬಿಡು" ಅಂತಾರೆ.

ಪೈಪ್ ಇಟ್ಟು ನೀರು ಎಳೆದು, ಸಣ್ಣ ಫ್ಯಾನ್ ಹಾಕಿದರೆ ಇದೇ ಮಣ್ಣು ಸರಿಹೋಗುತ್ತದಾ? ಇಲ್ಲ, ಪೂರ್ತಿ ಬದಲಿಸಲೇಬೇಕಾ? ಬದಲಿಸುವುದಾದರೆ ಐಸೊಪಾಡ್‌ಗಳನ್ನು ಉಳಿಸಿಕೊಳ್ಳುವುದು ಹೇಗೆ?